ಉಳಿದ ಬೀಜ

ಹಲಸಂಗಿ, ತಾಲೂಕು ಇಂಡಿ
೧೨ ಜೂನ್ ೧೯೭೬

ಶ್ರೀ ಧರೆಪ್ಪನವರಿಗೆ,

ಪಂಢರಿನಾಥನ ನಮಸ್ಕಾರಗಳು. ವರ್ಗದ ಆದೇಶ ಇಷ್ಟು ಬೇಗ ಬರುತ್ತದೆಂದು ನಾನು ಎಣಿಸಿರಲಿಲ್ಲ. ಎರಡು ವರ್ಷ ಹೂವಿನ ಹಿಪ್ಪರಗಿಯ ಕಟ್ಟೆಯ ಮೇಲೆ ಕೂತು ಹೇಳಿದ್ದನ್ನೇ ಹೇಳಿ, ಕಡೆಗೆ ನೀವೊಬ್ಬರು ಹೈಬ್ರೀಡ್ ಗೋವಿನಜೋಳ ಬಿತ್ತಲು ಒಪ್ಪಿದ ವಾರದಲ್ಲೇ ನನ್ನನ್ನು ಇಲ್ಲಿಗೆ ಕಳಿಸಿದ್ದಾರೆ. ಗ್ರಾಮಸೇವಕನಿಗೆ ತಾನು ಕೊಟ್ಟ ಬೀಜ ಮೊಳೆಯುವುದನ್ನು ನೋಡುವ ಯೋಗವೂ ಇಲ್ಲ.

ಬಿತ್ತುವಾಗ ನಾನು ಬದುವಿನ ಮೇಲೆ ನಿಂತಿರಬೇಕಿತ್ತು. ಆಗದ್ದರಿಂದ ಬರೆಯುತ್ತೇನೆ. ಬಾವಿಯ ಕೆಳಗಿನ ಎಕರೆಯನ್ನು ಎರಡು ಸಲ ಹರಗಿ. ಸಾಲಿನಿಂದ ಸಾಲಿಗೆ ಒಂದೂವರೆ ಮೊಳ, ಗಿಡದಿಂದ ಗಿಡಕ್ಕೆ ಒಂದು ಗೇಣು ಇರಲಿ. ಜೋಳದ ಹಾಗೆ ಒತ್ತಾಗಿ ಬಿತ್ತಬೇಡಿ. ಮೊಳಕಾಲುದ್ದ ಬೆಳೆದಾಗ ಯೂರಿಯಾ, ಸೂಲಂಗಿ ಬರುವಾಗ ಇನ್ನೊಮ್ಮೆ.

ನಾನು ಕೊಟ್ಟದ್ದು ಎರಡು ಎಕರೆಯ ಬೀಜ. ನೀವು "ಒಂದ ಎಕರೆ ಸಾಕ್ರಿ, ಎರಡನೇದ್ದು ಜ್ವಾಳಕ್ಕ ಇರ್ಲಿ" ಎಂದಿರಿ. ಉಳಿದದ್ದನ್ನು ಮರಳಿ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಹುಟ್ಟದ ಕಡೆ ಮತ್ತೆ ಊರಲು ಬೇಕಾಗುತ್ತದೆ. ಮನೆಯಲ್ಲೇ ಇರಲಿ.

ಮಗಳು ಬಾಳಮ್ಮ ಎರಡನೇ ಇಯತ್ತೆಗೆ ಹೋದಳೇ? ನಾನು ಹೇಳದೆ ಬಂದೆನೆಂದು ಸಿಟ್ಟಾಗಿರಬಹುದು.

ನಿಮ್ಮ
ಪಂಢರಿನಾಥ


ಹೂವಿನ ಹಿಪ್ಪರಗಿ
೪ ಜುಲೈ ೧೯೭೬

ರಾಯರಿಗೆ ಧರೆಪ್ಪನ ಶರಣು.

ಮುಲ್ಕಿ ಪರೀಕ್ಷೆ ಪಾಸು ಮಾಡಿದ ಮೇಲೆ ನಾನು ಇಷ್ಟುದ್ದ ಕಾಗದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಬಿತ್ತಿದ್ದಾಯಿತು. ನೀವು ಹೇಳಿದ ಅಂತರ ಬಿಟ್ಟು ಬಿತ್ತುವಾಗ ನನಗೇ ಎದೆ ಹೊಡೆದುಕೊಂಡಿತು. ಅಷ್ಟು ಮಣ್ಣು ಖಾಲಿ ಬಿಟ್ಟದ್ದನ್ನು ನಾನು ಕಂಡಿಲ್ಲ. ಪಕ್ಕದ ಹೊಲದ ಮಡಿವಾಳಪ್ಪ ಬದುವಿಗೆ ಬಂದು, "ಏನ್ ಧರೆಪ್ಪಾ, ನಡುವ ಎತ್ತಿನ ಗಾಡಿ ಹೊಡ್ಯಾಂವೇನ?" ಎಂದು ಕೇಳಿ ಹೋದ.

ಮನೆಯಲ್ಲೂ ಸಮಾಧಾನವಿಲ್ಲ. ಬಾಳಮ್ಮನ ಅವ್ವ ಶೆಟ್ಟೆವ್ವ ಮೂರು ದಿನ ಮಾತು ಬಿಟ್ಟಿದ್ದಳು. ನಾಲ್ಕನೆಯ ದಿನ ಬಾಯಿ ತೆರೆದದ್ದು ಹೀಗೆ: "ಜ್ವಾಳದ ಹೊಲ ಕೊಟ್ಟು ಗೊಂಜಾಳ ತಂದ್ರಿ. ದನಕ್ಕ ಕಣಕಿ ಎಲ್ಲಿಂದ ತರ್ತೀರಿ? ಎತ್ತು ಆ ದಂಟು ಮೂಸಿ ನೋಡ್ತಾವೇನು?" ನಮ್ಮದು ಒಟ್ಟು ನಾಲ್ಕು ಎಕರೆ. ಅದರಲ್ಲಿ ಒಂದನ್ನು ನಿಮ್ಮ ಮಾತಿನ ಮೇಲೆ ಬಿಟ್ಟಿದ್ದೇನೆ.

ಹುಟ್ಟುವಳಿ ಮಾತ್ರ ಚೆನ್ನಾಗಿದೆ. ಸಾಲಿ ಬಿಟ್ಟ ಕೂಡಲೇ ಬಾಳಮ್ಮ ಹೊಲಕ್ಕೆ ಓಡಿಬಂದು ಮೊಳಕೆ ಎಣಿಸುತ್ತಾಳೆ. ನೂರರವರೆಗೆ ಬರುತ್ತದೆ, ಮುಂದೆ ಮತ್ತೆ ಒಂದರಿಂದ ಶುರು. ಹುಟ್ಟದ ಕಡೆ ಊರಿದ್ದೇವೆ. ಇನ್ನೂ ಆರು ಸೇರಿನಷ್ಟು ಬೀಜ ಗಡಿಗೆಯಲ್ಲಿದೆ.

ನಿಮ್ಮ
ಧರೆಪ್ಪ


ಹಲಸಂಗಿ
೩೦ ಜುಲೈ ೧೯೭೬

ಶ್ರೀ ಧರೆಪ್ಪನವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನಗುವವರು ನಗಲಿ. ತೆನೆ ಬಿಟ್ಟಾಗ ಇದೇ ಮಡಿವಾಳಪ್ಪ ಮೊದಲು ಬಂದು ನಿಲ್ಲುತ್ತಾನೆ.

ಇಲ್ಲಿ ಹನ್ನೆರಡು ಜನರನ್ನು ಕೇಳಿದೆ. ಹನ್ನೆರಡು ಜನರೂ ಚಹಾ ಕುಡಿಸಿ ಕಳಿಸಿದರು. ಯಾರೂ ಇಲ್ಲವೆನ್ನುವುದಿಲ್ಲ, "ಮುಂದಿನ ವರ್ಷ ನೋಡೂಣ್ರಿ" ಎನ್ನುತ್ತಾರೆ. ನಮ್ಮ ಮೇಲಿನ ಅಧಿಕಾರಿ ಬಸಂತರಾಯರು ಒಂದು ವರದಿ ಕೇಳಿದ್ದಾರೆ: ಸಣ್ಣ ರೈತರು ಸುಧಾರಿತ ಗೋವಿನಜೋಳದ ಬೇಸಾಯವನ್ನು ಏಕೆ ಒಪ್ಪಿಕೊಳ್ಳುವುದಿಲ್ಲ, ಒಪ್ಪಿದವರು ಏಕೆ ಒಪ್ಪಿದರು? ಕಚೇರಿಯಲ್ಲಿ ಕೂತು ಬರೆದರೆ ಅಜ್ಞಾನ, ಸೋಮಾರಿತನ ಎಂದು ಬರೆದುಬಿಡಬಹುದು. ನನಗೆ ಅದು ಬೇಡ. ನೀವು ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಬರೆದು ತಿಳಿಸಿ. ನನಗೆ ಬೇಸರವಾದೀತೆಂದು ಯಾವುದನ್ನೂ ಬಿಡಬೇಡಿ.

ಪಂಢರಿನಾಥ


ಹೂವಿನ ಹಿಪ್ಪರಗಿ
೧೭ ಆಗಸ್ಟ್ ೧೯೭೬

ರಾಯರಿಗೆ ಶರಣು.

ನಿಮ್ಮ ಪ್ರಶ್ನೆಯನ್ನು ಕಟ್ಟೆಯ ಮೇಲಿದ್ದವರಿಗೆ ಓದಿ ಹೇಳಿದೆ. ಮೊದಲು ನಕ್ಕರು. ಆಮೇಲೆ ಮಡಿವಾಳಪ್ಪ ಹೇಳಿದ: "ಇಪ್ಪತ್ತ ಎಕರೆ ಇದ್ದವಗ ಒಂದ ಹೋದ್ರ ಹತ್ತೊಂಬತ್ತ ಉಳಿತಾವ. ನನಗ ಇರೋವು ಮೂರು. ನನ್ನ ಹೊಲದಾಗ ಪರೀಕ್ಷಾ ಮಾಡಬ್ಯಾಡ್ರಿ ಅಂತ ಬರಿ." ಇನ್ನೊಬ್ಬರು ನೀರಿನ ಮಾತು ತೆಗೆದರು. ಬಾವಿ ಇದ್ದವನಿಗೆ ಮಾತ್ರ ಈ ಬೆಳೆ, ಮಳೆಯನ್ನು ನೆಚ್ಚಿದವನಿಗೆ ಜೋಳವೇ ದಿಕ್ಕು. ಬೀಜವನ್ನು ಪ್ರತಿ ವರ್ಷ ಪೇಟೆಯಿಂದ ತರಬೇಕು ಎಂಬುದೂ ಯಾರಿಗೂ ಸೇರುವುದಿಲ್ಲ. ತಾನು ಬೆಳೆದ ತೆನೆಯಲ್ಲಿ ತಾನೇ ಆರಿಸಿ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಾರದವನು ಎಂಥ ಒಕ್ಕಲಿಗ ಎನ್ನುತ್ತಾರೆ. ಮತ್ತೆ ನಿಮ್ಮ ಬಗ್ಗೆಯೂ ಒಂದು ಮಾತು ಬಂತು. ಬರೆಯಲು ಹೇಳಿದ್ದೀರಿ, ಬರೆಯುತ್ತೇನೆ: "ಸಾಹೇಬರು ಇವತ್ತ ಇರ್ತಾರ, ನಾಳೆ ಸಿಂದಗಿಗೆ ಹೋಗ್ತಾರ, ನಾಡದ ಮುದ್ದೇಬಿಹಾಳಕ್ಕ. ಬೆಳಿ ಕೆಟ್ಟಾಗ ಯಾರನ್ನ ಕೇಳೂದು?"

ನಾನೇಕೆ ಒಪ್ಪಿದೆ ಎಂದರೆ, ನೀವು ನನ್ನ ಹೊಲದ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದ್ದಿರಿ. ಬೇರೆ ಯಾವ ಸಾಹೇಬನೂ ಬದುವಿನಿಂದ ಕೆಳಗೆ ಇಳಿದಿರಲಿಲ್ಲ.

ಇದನ್ನೆಲ್ಲ ಶೆಟ್ಟೆವ್ವನಿಗೆ ಹೇಳಿದಾಗ ಅವಳು ಅಂದದ್ದು: "ಅವರು ಬಂದಾಗ ನಿಮ್ಮನ್ನಷ್ಟ ಕರದು ಹೇಳ್ತಾರ. ಬೀಜ ಊರಾಕಿ ನಾನು, ಕಳೆ ತಗ್ಯಾಕಿ ನಾನು, ಬೀಸಿ ರೊಟ್ಟಿ ಬಡ್ಯಾಕಿ ನಾನು. ನನಗ ಯಾರು ಏನ ಹೇಳ್ಯಾರ?" ಇದನ್ನು ವರದಿಯಲ್ಲಿ ಹಾಕುವಿರೋ ಬಿಡುವಿರೋ ನಿಮಗೆ ಬಿಟ್ಟದ್ದು.

ಆದರೂ ಅವಳ ಮನಸ್ಸು ಸ್ವಲ್ಪ ತಿರುಗಿದೆ. ಬೆಳೆ ಈಗ ನನ್ನ ತಲೆ ಮೀರಿ ಬೆಳೆದಿದೆ. ಕಳೆದ ವಾರದಿಂದ ಗೋವಿನಜೋಳ ನಮ್ಮ ಅಡುಗೆಮನೆಗೂ ಬಂತು. ಗಡಿಗೆಯಲ್ಲಿ ಸುಮ್ಮನೆ ಕೂತ ಕಾಳು ಕೆಡಬಾರದೆಂದು ಅದರ ಕೆಂಪು ಹೋಗುವವರೆಗೆ ತೊಳೆದು, ಒಣಗಿಸಿ, ಒಡೆದು ನುಚ್ಚು ಮಾಡುತ್ತಿದ್ದಾಳೆ. ಬಾಳಮ್ಮ ಬೆಲ್ಲ ಕಲಸಿಕೊಂಡು ಎರಡು ಹೊತ್ತೂ ಅದನ್ನೇ ಕೇಳುತ್ತಾಳೆ. ನೀವು ಗೆದ್ದಿರಿ ರಾಯರೇ.

ಧರೆಪ್ಪ


ಹಲಸಂಗಿ
೨೫ ಆಗಸ್ಟ್ ೧೯೭೬

ಶ್ರೀ ಧರೆಪ್ಪನವರಿಗೆ,

ನಿಮ್ಮ ಕಾಗದ ನನ್ನ ವರದಿಗೆ ಜೀವ ಕೊಟ್ಟಿತು. ಮಡಿವಾಳಪ್ಪನ ಮಾತನ್ನು ಇದ್ದದ್ದು ಇದ್ದ ಹಾಗೆಯೇ ಬರೆದಿದ್ದೇನೆ. ಬಸಂತರಾಯರು ಓದಿ ಬೆನ್ನು ತಟ್ಟಿದರು.

ಬಾಳಮ್ಮನಿಗೆ ನುಚ್ಚು ಹಿಡಿಸಿದ್ದು ಕೇಳಿ ಸಂತೋಷ. ಬೆಲ್ಲ ಕಲಸಿಕೊಂಡು ಎಷ್ಟು ಬೇಕಾದರೂ ತಿನ್ನಲಿ, ರಾಯರು ಹೇಳಿದ್ದಾರೆ ಎನ್ನಿ. ಮಕ್ಕಳು ಒಪ್ಪಿದರೆ ಊರು ಒಪ್ಪಿದ ಹಾಗೆ.

ಇನ್ನೊಂದು ಸುದ್ದಿ. ನನ್ನ ಮದುವೆ ಗೊತ್ತಾಗಿದೆ. ಹುಡುಗಿ ಇಂಡಿಯವಳು, ಸಾವಿತ್ರೀಬಾಯಿ ಎಂದು. ನವೆಂಬರದಲ್ಲಿ ಮುಹೂರ್ತ.

ಪಂಢರಿನಾಥ


ಹಲಸಂಗಿ
೧೨ ಅಕ್ಟೋಬರ್ ೧೯೭೬

ಶ್ರೀ ಧರೆಪ್ಪನವರಿಗೆ,

ಏಳು ವಾರವಾಯಿತು, ಉತ್ತರವಿಲ್ಲ. ಕಟಾವು ಮುಗಿದಿರಬೇಕು. ಎಕರೆಗೆ ಎಷ್ಟು ತೂಗಿತು, ತೆನೆ ಎಷ್ಟುದ್ದ, ಗಿಡಕ್ಕೆ ಒಂದೇ ತೆನೆಯೋ ಎರಡೋ, ಇಷ್ಟನ್ನಾದರೂ ಒಂದು ಕಾರ್ಡಿನಲ್ಲಿ ಗೀಚಿ ಹಾಕಬಾರದೇ? ಬಸಂತರಾಯರು ವಾರಕ್ಕೊಮ್ಮೆ ಕೇಳುತ್ತಾರೆ. ನನ್ನ ವರದಿ ನಿಮ್ಮ ಒಂದು ಅಂಕಿಗಾಗಿ ನಿಂತಿದೆ.

ಬೆಳೆ ಕೆಟ್ಟಿದ್ದರೆ ಕೆಟ್ಟಿತೆಂದು ಬರೆಯಿರಿ. ಚೆನ್ನಾಗಿ ಬಂದಿದ್ದರೆ, ಬಂದ ಮೇಲೆ ನನ್ನನ್ನು ಮರೆತಿರಾ ಎಂದು ಕೇಳಬೇಕಾಗುತ್ತದೆ. ನನಗೆ ಸ್ವಲ್ಪ ನೋವಾಗಿದೆ, ಮುಚ್ಚಿಡುವುದಿಲ್ಲ.

ಲಗ್ನಪತ್ರಿಕೆ ಇದರ ಜೊತೆಗಿದೆ. ಮೂವರೂ ಬರಬೇಕು. ಬಾಳಮ್ಮನನ್ನು ಬಿಟ್ಟು ಬಂದರೆ ನಾನು ಮಾತಾಡಿಸುವುದಿಲ್ಲ.

ಪಂಢರಿನಾಥ


ಹೂವಿನ ಹಿಪ್ಪರಗಿ
೨೨ ಅಕ್ಟೋಬರ್ ೧೯೭೬

ರಾಯರಿಗೆ ಶರಣು.

ಕಾಳು ಹದಿನೆಂಟು ಕ್ವಿಂಟಲ್ ಆಯಿತು. ತೆನೆ ಒಂದು ಗೇಣಿಗೂ ತುಸು ಹೆಚ್ಚು. ಹೆಚ್ಚಿನ ಗಿಡಗಳಲ್ಲಿ ಒಂದೇ ತೆನೆ. ದಂಟನ್ನು ಕತ್ತರಿಸಿ ಹಾಕಿದರೆ ಎತ್ತುಗಳು ತಿನ್ನುತ್ತವೆ.

ಮಡಿವಾಳಪ್ಪ ಮತ್ತು ಇನ್ನೂ ಏಳು ಜನ ಮುಂದಿನ ವರ್ಷ ಬೀಜ ಬೇಕೆಂದಿದ್ದಾರೆ.

ಮನೆಯಲ್ಲಿ ಅಡಚಣೆ ಇದೆ. ಮದುವೆಗೆ ಬರಲಾಗುವುದಿಲ್ಲ. ಇಬ್ಬರೂ ನೂರು ವರ್ಷ ಸುಖವಾಗಿ ಬಾಳಿರಿ.

ಧರೆಪ್ಪ


ಹಲಸಂಗಿ
೧೮ ಡಿಸೆಂಬರ್ ೧೯೭೬

ಶ್ರೀ ಧರೆಪ್ಪನವರಿಗೆ,

ಮದುವೆಯ ಗದ್ದಲದಲ್ಲಿ ನಿಮ್ಮ ಕಾಗದಕ್ಕೆ ಉತ್ತರಿಸಲಾಗಲಿಲ್ಲ. ಹದಿನೆಂಟು ಕ್ವಿಂಟಲ್! ಬಸಂತರಾಯರು ಜಿಲ್ಲೆಯ ಸಭೆಯಲ್ಲಿ ನಿಮ್ಮ ಹೆಸರು ಹೇಳಿದರು. ಇಂಥ ಸುದ್ದಿಯನ್ನು ಅಷ್ಟು ಒಣದಾಗಿ ಬರೆಯುವುದೇ? ನನ್ನ ಹಿಂದಿನ ಕಾಗದದ ಬಿರುಸಿನಿಂದ ನೊಂದಿರೇನೋ. ಕ್ಷಮಿಸಿ.

ನೀವು ಬರದಿದ್ದರೂ ಉಡುಗೊರೆ ತಪ್ಪಬಾರದೆಂದು ಸಾವಿತ್ರಿ ಬಾಳಮ್ಮನಿಗೆ ಪರಕರ ಹೊಲಿಸಲು ಒಂದು ಖಣದ ಬಟ್ಟೆ ಕಳಿಸಿದ್ದಾಳೆ. ಹಸಿರು ಬಣ್ಣದ್ದು.

ಕಳೆದ ವಾರ ವಿಜಾಪುರದಲ್ಲಿ ಐದು ದಿನ ತರಬೇತಿ ಇತ್ತು. ಗೋವಿನಜೋಳದ ಕಾಂಡಕೊರಕ ಹುಳ, ಸಾಲು ನೀರು ಇತ್ಯಾದಿ ಬಹಳ ತಿಳಿಸಿದರು. ಟಿಪ್ಪಣಿಯನ್ನು ಬೇರೆಯಾಗಿ ಕಳಿಸುತ್ತೇನೆ. ಒಂದು ಮುಖ್ಯ ಮಾತು: ಬಿತ್ತನೆ ಬೀಜಕ್ಕೆ ಹಚ್ಚಿದ ಕೆಂಪು ಪುಡಿ ಬೂಷ್ಟು ಬರದಂತೆ ಹಾಕುವ ಔಷಧಿ, ಅದರಲ್ಲಿ ಪಾದರಸ ಇರುತ್ತದೆಯಂತೆ. ಹೊಟ್ಟೆಗೆ ಹೋದರೆ ವಿಷ. ತೊಳೆದರೆ ಬಣ್ಣ ಹೋಗುತ್ತದೆಯೇ ಹೊರತು ವಿಷ ಹೋಗುವುದಿಲ್ಲ. ಕೂಡಲೇ ಏನೂ ತೋರದೆ ವಾರಗಳ ಮೇಲೆ ಕೈಕಾಲು ನಡುಗಿ, ಕಣ್ಣು ಮಂಜಾಗುತ್ತದೆ ಎಂದರು. ನಿಮ್ಮಲ್ಲಿ ಉಳಿದ ಬೀಜವಿದ್ದರೆ ಕುಣಿ ತೋಡಿ ಮುಚ್ಚಿಬಿಡಿ. ಕೋಳಿಗೂ ಹಾಕಬೇಡಿ.

ಬಾಳಮ್ಮ ಖಣ ನೋಡಿ ಏನೆಂದಳು ಬರೆಯಿರಿ.

ಪಂಢರಿನಾಥ


ಹೂವಿನ ಹಿಪ್ಪರಗಿ
೨೯ ಡಿಸೆಂಬರ್ ೧೯೭೬

ರಾಯರಿಗೆ ಶರಣು.

ಬಾಳಮ್ಮ ಇಲ್ಲ. ಸೆಪ್ಟೆಂಬರ್ ಹತ್ತೊಂಬತ್ತು, ರವಿವಾರ ಮಧ್ಯಾಹ್ನ ಹೋದಳು.

ನಿಮಗೆ ಮದುವೆ ಗೊತ್ತಾಗಿತ್ತು. ಮದುವೆಯ ಮನೆಗೆ ಇಂಥ ಸುದ್ದಿ ಬರೆಯಬಾರದೆಂದು ಸುಮ್ಮನಿದ್ದೆ. ಮದುವೆ ಮುಗಿದ ಮೇಲೂ ಬರೆಯಲು ಕೈ ಬರಲಿಲ್ಲ. ನಿಮ್ಮ ಈ ಕಾಗದ ಬಾರದಿದ್ದರೆ ಇನ್ನೂ ಎಷ್ಟು ದಿನ ಹಾಗೇ ಇರುತ್ತಿದ್ದೆನೋ.

ಸೆಪ್ಟೆಂಬರ್ ಮೊದಲ ವಾರ ಒಂದು ದಿನ ಸಾಲಿಯಿಂದ ಬೇಗ ಬಂದಳು. "ಯಪ್ಪಾ, ತುಟಿಗೆ ಇರಿವಿ ಹರದಂಗ ಆಗತೈತಿ" ಎಂದಳು. ಅವಳ ಅವ್ವ ಬಾಯಿ ತೊಳೆಸಿ ಬೆಲ್ಲ ಕೊಟ್ಟಳು. ಎರಡು ದಿನದಲ್ಲಿ ಪಾಟಿಯ ಮೇಲೆ ಬಳಪ ನಿಲ್ಲದಾಯಿತು. ಅಂಗಳದಲ್ಲಿ ನಡೆದರೆ ಕುಡಿದವರ ಹಾಗೆ ಓಲಾಡುತ್ತಿದ್ದಳು. ನಾನು ಮೊದಲು ಆಟವೆಂದುಕೊಂಡು ಗದರಿಸಿದೆ. ಅದು ನನಗೆ ಮರೆಯುವುದಿಲ್ಲ.

ಗಾಡಿ ಕಟ್ಟಿ ಬಾಗೇವಾಡಿಗೆ ಒಯ್ದೆವು. ಡಾಕ್ಟರರು ಏನು ತಿಂದಿದ್ದಳು ಎಂದು ಕೇಳಿದರು. "ಏನಿಲ್ರಿ, ಮನಿ ಊಟಾನ" ಎಂದಳು ಶೆಟ್ಟೆವ್ವ. ಅವಳು ಸುಳ್ಳು ಹೇಳಲಿಲ್ಲ. ತಲೆಗೇರಿದ ಜ್ವರ ಎಂದು ಸೂಜಿ ಹಾಕಿದರು. ಹನ್ನೊಂದು ದಿನ ಅಲ್ಲೇ ಇದ್ದೆವು. ಕಡೆಯ ನಾಲ್ಕು ದಿನ ಅವಳಿಗೆ ಕಣ್ಣು ಕಾಣಲಿಲ್ಲ. ನನ್ನ ಅಂಗಿ ಹಿಡಿದು ನೋಡಿ, "ನೀ ಯಪ್ಪಾ ಹೌದಲ್ಲ?" ಎಂದು ಕೇಳುತ್ತಿದ್ದಳು. ಪಕ್ಕದ ಮನೆಯ ಸೈದಾಬಿ ರೊಟ್ಟಿ ಕಟ್ಟಿಕೊಂಡು ಬಂದವಳು ಊರಿಗೆ ತಿರುಗಿ ಹೋಗದೆ ಬಾಳಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ತೊಡೆಯ ಮೇಲೇ ಉಸಿರು ನಿಂತಿತು.

ಬಾವಿಯ ಹತ್ತಿರ ಮಣ್ಣು ಮಾಡಿದೆವು. ಬೆಳೆ ಆಗ ಒಣಗುತ್ತಿತ್ತು. ಕೊಯ್ಯದೆ ಬಿಡಬೇಕೆಂದಿದ್ದೆ. ಮಡಿವಾಳಪ್ಪ ಮತ್ತು ಸೈದಾಬಿಯ ಗಂಡ ಬಂದು ಕೊಯ್ದು ಹಾಕಿದರು. ನೀವು ಅಂಕಿ ಕೇಳಿದ್ದಿರಿ, ನಾನು ಮಾತು ಕೊಟ್ಟಿದ್ದೆ, ಹಾಗಾಗಿ ತೂಗಿಸಿದೆ.

ನಿಮ್ಮ ಕಾಗದವನ್ನು ಹೊಲದಲ್ಲಿ ನಿಂತು ಓದಿದೆ. ಮನೆಗೆ ಬಂದು ಗಡಿಗೆ ನೋಡಿದರೆ ಬರಿದಾಗಿತ್ತು. ಆ ನುಚ್ಚನ್ನು ಅವಳಿಗೆಂದೇ ಮಾಡುತ್ತಿದ್ದುದು. ನನಗೆ ಜೋಳದ ರೊಟ್ಟಿಯೇ ಬೇಕು. ತಳ ಹಿಡಿದದ್ದನ್ನು ಶೆಟ್ಟೆವ್ವ ಕೆರೆದು ತಿನ್ನುತ್ತಿದ್ದಳು, ಅವಳ ಬೆರಳುಗಳು ದೀಪಾವಳಿಯವರೆಗೂ ಜೋಮು ಹಿಡಿದಿದ್ದವು. ಅಳುವಿನಿಂದ ಹಾಗಾಗಿದೆ ಎಂದುಕೊಂಡಿದ್ದೆವು.

"ಏನ ಬರದಾರ್ರಿ ರಾಯರು?" ಎಂದು ಕೇಳಿದಳು. ಖಣ ಕಳಿಸಿದ್ದಾರೆ ಎಂದಷ್ಟೇ ಹೇಳಿದೆ. ಅದನ್ನು ಎದೆಗೊತ್ತಿಕೊಂಡು ಒಳಗೆ ಹೋದಳು.

ಅವಳಿಗೆ ಇದು ತಿಳಿಯಬಾರದು. ತನ್ನ ಕೈಯಿಂದ ಉಣಿಸಿದ್ದೇ ವಿಷವೆಂದು ತಿಳಿದರೆ ಅವಳು ಉಳಿಯುವುದಿಲ್ಲ. ನೀವೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬೀಜ ಕೊಟ್ಟ ದಿನ ತಿನ್ನಬಾರದೆಂದು ನೀವು ಹೇಳಿದ್ದಿರಿ. ನಾನೇ ಮನೆಯಲ್ಲಿ ಹೇಳಲು ಮರೆತೆ.

ಧರೆಪ್ಪ


ಹಲಸಂಗಿ
೭ ಜನವರಿ ೧೯೭೭

ಧರೆಪ್ಪನವರೇ,

ನಾನು ಹೇಳಿರಲಿಲ್ಲ.

ನೀವು ನನ್ನನ್ನು ಉಳಿಸಲು ಹಾಗೆ ಬರೆದಿದ್ದೀರಿ. ಅದನ್ನು ಓದಿದ ಮೇಲೆ ನಾನು ಊಟಕ್ಕೆ ಕೂತು ಏಳಬೇಕಾಯಿತು. ಆ ದಿನ ನಡೆದದ್ದನ್ನು ಬರೆಯುತ್ತೇನೆ. ಚೀಲ ಬಿಚ್ಚಿ, ಕಾಳನ್ನು ಅಂಗೈಯಲ್ಲಿ ಹಾಕಿ ತೋರಿಸಿ, ನೂರಕ್ಕೆ ತೊಂಬತ್ತು ಹುಟ್ಟುತ್ತದೆ ಎಂದೆ. ಆಮೇಲೆ ಸಬಕಾರ ಕೇಳಿ ಕೈ ತೊಳೆದುಕೊಂಡೆ. ತಂದುಕೊಟ್ಟವರು ಶೆಟ್ಟೆವ್ವನವರೇ. ಅವರು ಬ್ರಾಹ್ಮಣನ ಮಡಿ ಎಂದುಕೊಂಡಿರಬೇಕು. ಅದು ಮಡಿಯಲ್ಲ. ಔಷಧಿ ಕೈಗೆ ಒಳ್ಳೆಯದಲ್ಲವೆಂದು ನನಗೆ ಅಷ್ಟು ಗೊತ್ತಿತ್ತು. ನನ್ನ ಕೈ ತೊಳೆದುಕೊಂಡೆ, ನಿಮಗೆ ಹೇಳಲಿಲ್ಲ. ನೀವು ಒಪ್ಪಿದ್ದೀರಿ ಎಂಬ ಸಂಭ್ರಮದಲ್ಲಿದ್ದೆ. ಭಯ ಹುಟ್ಟಿಸುವ ಮಾತು ಆಡಿದರೆ ಹಿಂದೆ ಸರಿದೀರಿ ಎಂದೂ ಅನಿಸಿರಬಹುದು.

ಉಳಿದ ಬೀಜ ಮನೆಯಲ್ಲೇ ಇರಲಿ ಎಂದದ್ದೂ ನಿಮ್ಮ ಅನುಕೂಲಕ್ಕಲ್ಲ. ದಫ್ತರದಲ್ಲಿ ನಾನು ನಿಮ್ಮ ಹೆಸರಿನ ಮುಂದೆ ಎರಡು ಎಕರೆ ಎಂದು ಬರೆದಿದ್ದೆ. ಬೀಜ ಮರಳಿ ಬಂದಿದ್ದರೆ ಒಂದೇ ಎಕರೆ ಎಂದು ತಿಳಿಯುತ್ತಿತ್ತು.

ನಿಮ್ಮ ಆಗಸ್ಟ್ ತಿಂಗಳ ಕಾಗದವನ್ನು ವರದಿಯ ಕಡತದಿಂದ ಹೊರಗೆ ತೆಗೆದೆ. ಕೆಂಪು ಹೋಗುವವರೆಗೆ ತೊಳೆದು ಎಂದು ನೀವು ಅಚ್ಚುಕಟ್ಟಾಗಿ ಬರೆದಿದ್ದೀರಿ. ಹೊಲದ ಬೆಳೆ ಇನ್ನೂ ಹಸಿರಾಗಿದ್ದಾಗ ಮನೆಯಲ್ಲಿ ನುಚ್ಚು ಎಲ್ಲಿಂದ ಬಂತೆಂದು ನಾನು ಕೇಳಿಕೊಳ್ಳಲಿಲ್ಲ. ವರದಿಗೆ ಬೇಕಾದ ಮಾತುಗಳಿಗೆ ಮಾತ್ರ ಗೆರೆ ಎಳೆದಿದ್ದೇನೆ, ಶೆಟ್ಟೆವ್ವನವರ ಮಾತಿಗೆ ಗೆರೆಯೂ ಇಲ್ಲ. ಅದಕ್ಕೆ ನಾನು ಬರೆದ ಉತ್ತರ ನಿಮಗೆ ನೆನಪಿರಬಹುದು. ನನಗೆ ಅಕ್ಷರ ಅಕ್ಷರ ನೆನಪಿದೆ.

ಬಸಂತರಾಯರ ಮುಂದೆ ಎಲ್ಲವನ್ನೂ ಹೇಳಿದೆ. "ಬರವಣಿಗೆಯೊಳಗ ಬ್ಯಾಡ" ಎಂದರು. ನಾನು ಬರೆಯದೆ ಇರಲಾರೆ. ನಿಮ್ಮ ಊರಲ್ಲಿ ಎಂಟು ಮನೆಗೆ ಅದೇ ಬೀಜ ಬರುತ್ತದೆ. ನಾನು ಬಂದು ಶೆಟ್ಟೆವ್ವನವರ ಕಾಲಿಗೆ ಬಿದ್ದು, ತಪ್ಪು ನನ್ನದೆಂದು ಊರಿಗೆ ಹೇಳುತ್ತೇನೆ. ಅಪ್ಪಣೆ ಕೊಡಿ.

ಪಂಢರಿನಾಥ


ಹೂವಿನ ಹಿಪ್ಪರಗಿ
೨೦ ಜನವರಿ ೧೯೭೭

ರಾಯರಿಗೆ,

ಬರಬೇಡಿ.

ನೀವು ಬಂದು ಕಾಲಿಗೆ ಬಿದ್ದರೆ ನಿಮ್ಮ ಎದೆ ಹಗುರಾದೀತು. ಆಮೇಲೆ ನೀವು ಬಸ್ ಹತ್ತಿ ಹೋಗುತ್ತೀರಿ. ಅವಳು ಅದೇ ಒಲೆಯ ಮುಂದೆ ಕೂರಬೇಕು, ಅದೇ ಬೀಸುವ ಕಲ್ಲು ತಿರುವಬೇಕು.

ನೀವು ಹೇಳಿರಲಿಲ್ಲವೆಂದು ನನಗೂ ಗೊತ್ತು. ನಿಮ್ಮ ಆಗಸ್ಟ್ ತಿಂಗಳ ಉತ್ತರ ಬಂದ ದಿನ ಅದನ್ನು ಬಾಳಮ್ಮನಿಗೆ ಓದಿ ಹೇಳಿದ್ದೆ. ರಾಯರು ಎಷ್ಟು ಬೇಕಾದರೂ ತಿನ್ನು ಎಂದಿದ್ದಾರೆ ಎಂದು ಅವಳು ಅವ್ವನ ಸೆರಗು ಹಿಡಿದು ಇನ್ನೊಂದು ಬಟ್ಟಲು ಹಾಕಿಸಿಕೊಂಡಳು. ಇದನ್ನು ಬರೆಯಬಾರದೆಂದಿದ್ದೆ. ನೀವು ಬರೆಸಿದಿರಿ.

ಇನ್ನು ಕಾಗದ ಹಾ‌ಕಬೇಡಿ.

ಧರೆಪ್ಪ


ಹಲಸಂಗಿ
೧೬ ಏಪ್ರಿಲ್ ೧೯೭೭

ಧರೆಪ್ಪನವರಿಗೆ,

ಬೇಡವೆಂದರೂ ಬರೆಯುತ್ತಿದ್ದೇನೆ, ಇದೊಂದೇ ಸಲ. ನಾನು ಬರುವುದಿಲ್ಲ. ನಿಮ್ಮ ಮಾತು ಮೀರುವುದಿಲ್ಲ.

ಮೇಲಿನವರಿಗೆ ಬರೆದು ಕಳಿಸಿದೆ. ಉತ್ತರ ಬಂದಿಲ್ಲ. ಇಲ್ಲಿ ಈ ವರ್ಷ ಮುಂಚಿತವಾಗಿ ಬೀಜ ಒಯ್ದವರ ಮನೆಮನೆಗೆ ಹೋಗುತ್ತಿದ್ದೇನೆ. ಮೊದಲ ದಿನ ಹೆಂಗಸರು ಬಾಗಿಲ ಹಿಂದೆ ನಿಂತರು, ನಾನು ಗೋಡೆಗೆ ಹೇಳಿದ ಹಾಗಾಯಿತು. ಈಗ ಸಾವಿತ್ರಿ ಜೊತೆಗೆ ಬರುತ್ತಾಳೆ. ಅವಳು ಒಳಗೆ ಹೋಗಿ ಹೇಳುತ್ತಾಳೆ. ಎರಡು ಮನೆಯಲ್ಲಿ ಕಾಳು ಆಗಲೇ ತೊಳೆದು ಒಣಹಾಕಿದ್ದರು.

ನಿಮ್ಮ ಊರಿಗೆ ಜೂನ್ ಮೊದಲ ವಾರ ಎಂಟು ಚೀಲ ಬರುತ್ತವೆ. ಹೊಸ ಗ್ರಾಮಸೇವಕರಿಗೆ ತಿಳಿಸಿದ್ದೇನೆ. ಅವರು ಕಟ್ಟೆಯ ಮೇಲೆ ಕೂತವರಿಗೆ ಹೇಳಿಯಾರು. ಅಡುಗೆಮನೆಯವರೆಗೆ ಆ ಮಾತು ಹೋಗುವುದೋ ಇಲ್ಲವೋ ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಶೆಟ್ಟೆವ್ವನವರ ಹೆಸರೆತ್ತದೆ ಹೇಳುವ ದಾರಿ ಇದ್ದರೆ ಹೇಳಿ. ಹೇಳಲಾಗದಿದ್ದರೆ ನಾನು ನಿಮ್ಮನ್ನು ದೂರುವುದಿಲ್ಲ.

ಪಂಢರಿನಾಥ


ಹೂವಿನ ಹಿಪ್ಪರಗಿ
೨೧ ಜೂನ್ ೧೯೭೭

ರಾಯರಿಗೆ ಧರೆಪ್ಪನ ಶರಣು.

ಚೀಲಗಳು ಬಂದವು. ಹೊಸ ಗ್ರಾಮಸೇವಕರು ಔಷಧಿ ಹಚ್ಚಿದ್ದು, ತಿನ್ನಬೇಡಿ ಎಂದು ಒಂದು ಮಾತು ಹೇಳಿ ಮುಂದಿನ ಊರಿಗೆ ಹೋದರು. ನಾನೂ ಕಟ್ಟೆಯ ಮೇಲೆ ಎರಡು ಸಲ ಹೇಳಿದೆ. "ಹೂಂ, ತಿಳೀತು" ಎಂದರು. ನನ್ನ ಮನೆಯಲ್ಲಾದದ್ದನ್ನು ಹೇಳದೆ, ಅದಕ್ಕಿಂತ ಹೆಚ್ಚು ಹೇಳಲು ನನ್ನಿಂದಾಗಲಿಲ್ಲ.

ಜೂನ್ ಏಳರಂದು ಬೆಳಿಗ್ಗೆ ಬಿತ್ತುವ ಕೂರಿಗೆ ಕೇಳಲು ಮಡಿವಾಳಪ್ಪನ ಮನೆಗೆ ಹೋಗಿದ್ದೆ. ಅವನ ಸೊಸೆ ಪಡಸಾಲೆಯಲ್ಲಿ ಕೂತು, ಚೀಲದಿಂದ ಚೆಲ್ಲಿದ ಕೆಂಪು ಕಾಳನ್ನು ಮೊರದಲ್ಲಿ ಆರಿಸುತ್ತಿದ್ದಳು. ಪಕ್ಕದಲ್ಲಿ ನೀರಿನ ಬೋಗುಣಿ ಇತ್ತು. ಅವಳ ಹೆಣ್ಣುಕೂಸು ಆ ನೀರಲ್ಲಿ ಕೈ ಆಡಿಸುತ್ತಿತ್ತು. "ಇಷ್ಟ ಕಾಳು ಯಾಕ ಹಾಳ ಮಾಡೂದ್ರಿ ಕಾಕಾ" ಎಂದಳು. ನಾನು ಮೊರವನ್ನು ಕಾಲಿನಿಂದ ಒದ್ದೆ. ಕೂಸು ಹೆದರಿ ಅತ್ತಿತು. ಮಡಿವಾಳಪ್ಪ ಹೊರಗೆ ಬಂದು, "ತಲಿ ಕೆಟ್ಟೈತೇನ ನಿನಗ?" ಎಂದು ಕೂಗಿದ. ಕೂಸಿನ ಕೈಯನ್ನು ತೊಳೆಸಿ, ಬೋಗುಣಿಯ ನೀರು ಚೆಲ್ಲಿ, ನೇರ ಮನೆಗೆ ಬಂದೆ.

ಶೆಟ್ಟೆವ್ವ ಸೆಗಣಿ ಹಾಕಿ ನೆಲ ಸಾರಿಸುತ್ತಿದ್ದಳು. ಅವಳನ್ನು ಕೂರಿಸಿ ಕೆಂಪು ಬೀಜದ ವಿಷದ ಮಾತು ಹೇಳಿದೆ.

ಅಳಲಿಲ್ಲ. ಸೆಗಣಿಯ ಕೈಯನ್ನು ಹಾಗೇ ಹಿಡಿದುಕೊಂಡು ಕೂತಿದ್ದಳು. ಆಮೇಲೆ ಕೇಳಿದಳು: "ನಿಮಗ ಯಾವಾಗ ಗೊತ್ತಾತ್ರಿ?"

"ಡಿಸೆಂಬರದಾಗ. ಖಣ ಬಂತಲ್ಲ, ಆವತ್ತ."

"ರಾಯರು ಬೀಜ ಕೊಟ್ಟಾಗ ಹೇಳಿದ್ರೇನು?"

ಸುಳ್ಳು ಹೇಳಬಹುದಿತ್ತು. "ಇಲ್ಲ" ಎಂದೆ.

"ಆರು ತಿಂಗಳು ನನ್ನ ಮುಂದ ಉಂಡ್ರಿ, ಮಕ್ಕೊಂಡ್ರಿ. ಒಂದ ದಿನಾ ಬಾಯಿ ಬಿಡ್ಲಿಲ್ಲ" ಎಂದಳು. ಅದು ಸಿಟ್ಟೋ ಕನಿಕರವೋ ನನಗೆ ತಿಳಿಯಲಿಲ್ಲ. ಎದ್ದು ಉಳಿದ ನೆಲವನ್ನೂ ಸಾರಿಸಿದಳು. ಆಮೇಲೆ ಮೂರು ದಿನ ಒಲೆ ಹಚ್ಚಲಿಲ್ಲ. ಸೈದಾಬಿ ತಂದಿಟ್ಟ ರೊಟ್ಟಿಯನ್ನು ನಾನು ತಿಂದೆ, ಅವಳು ನೀರು ಮಾತ್ರ ಕುಡಿದಳು. ಬಾವಿಯ ಕಡೆ ಹೋದಾಗಲೆಲ್ಲ ನಾನು ಹಿಂದೆ ಹೋಗುತ್ತಿದ್ದೆ. ಒಮ್ಮೆ ತಿರುಗಿ ನಿಂತು, "ಬೀಳೂದಿಲ್ಲ, ಮನಿಗೆ ಹೋಗ್ರಿ" ಎಂದಳು.

ನಾಲ್ಕನೆಯ ದಿನ ಹೊತ್ತೇರಿದ ಮೇಲೆ ಸ್ನಾನ ಮಾಡಿ, ಸೀರೆ ಬದಲಿಸಿ ಹೊರಟಳು. ನಾನೂ ಎದ್ದೆ. "ನೀವು ಹೊರಗ ನಿಂದರ್ರಿ. ಇದು ನಾ ಹೇಳೂದು" ಎಂದಳು.

ಸೈದಾಬಿಗೆ ಮೊದಲು ಹೇಳಿದಳು. ಆಮೇಲೆ ಬೀಜ ತಂದ ಎಂಟು ಮನೆ. ಒಂದೊಂದು ಮನೆಯಲ್ಲೂ ಹೆಂಗಸರನ್ನೆಲ್ಲ ಅಡುಗೆಮನೆಯಲ್ಲಿ ಕೂಡಿಸಿಕೊಂಡು ಹೇಳಿದಳು. ನಾನು ಅಂಗಳದಲ್ಲಿ ನಿಂತು ಕೇಳಿದ್ದೇನೆ: "ನನ್ನ ಬಾಳಮ್ಮ ಜ್ವರದಿಂದ ಹೋಗಿಲ್ಲ. ಈ ಕೆಂಪ ಬೀಜ ನಾನ ನಾಕ ನೀರಾಗ ತೊಳದು, ಒಡದು, ನುಚ್ಚ ಮಾಡಿ ಉಣಿಸೇನಿ. ತೊಳದ್ರ ಅದು ಹೋಗೂದಿಲ್ಲ. ಬಿತ್ತಿ ಉಳಿದದ್ದು ಹುಗೀರಿ. ಚೀಲ ಸುಡ್ರಿ. ಮುಟ್ಟಿದ ಕೈ ತೊಳಕೋರಿ." ಮೊದಲ ಮನೆಯಲ್ಲಿ ದನಿ ಒಡೆಯಿತು. ಐದನೆಯ ಮನೆಯ ಹೊತ್ತಿಗೆ ಗಟ್ಟಿಯಾಯಿತು. ಅಲ್ಲಿನ ಮುದುಕಿ ಅವಳ ಬಾಯಿ ಮುಚ್ಚಲು ಬಂದು, "ಇಂಥದ್ದು ಹೊರಗ ಆಡಬಾರದವ್ವಾ, ಮಂದಿ ನಿನಗ ಏನಂದಾರು" ಎಂದಳಂತೆ. "ಅನ್ಲಿ ಬಿಡ್ರಿ, ಕೂಸುಗಳು ಉಳೀಲಿ" ಎಂದು ಮತ್ತೆ ಮೊದಲಿನಿಂದ ಹೇಳಿದಳು. ಮಡಿವಾಳಪ್ಪನ ಸೊಸೆ ಅವಳನ್ನು ಅಪ್ಪಿಕೊಂಡು ಅತ್ತಳು. ಮಡಿವಾಳಪ್ಪ ಅಂಗಳದಲ್ಲಿ ನನ್ನ ಪಕ್ಕ ಬಂದು ನಿಂತ.

ಅನ್ನುವವರು ಅಂದರು. ಮಗಳನ್ನು ತಾನೇ ಕೊಂದೆನೆಂದು ಹೇಳಿಕೊಂಡು ತಿರುಗುತ್ತಾಳೆ ಎಂದು ನೀರಿಗೆ ಹೋದಾಗ ಅವಳ ಕಿವಿಗೆ ಬೀಳುವ ಹಾಗೆ ಆಡಿದರು. ಅವಳು ಕೊಡ ತುಂಬಿಕೊಂಡು ಬಂದಳು.

ಮೂರು ಜನ ಚೀಲ ಮರಳಿಸಿದರು. ಐದು ಜನ ಬಿತ್ತಿದ್ದಾರೆ, ಅವರಲ್ಲಿ ಮಡಿವಾಳಪ್ಪನೂ ಒಬ್ಬ. ಉಳಿದ ಬೀಜವನ್ನು ಆ ಮನೆಗಳ ಹೆಂಗಸರೇ ಕುಣಿ ತೋಡಿ ಮುಚ್ಚಿದರು. ನಿಮ್ಮ ವರದಿಗೆ ಬೇಕಾದರೆ ಬರೆದುಕೊಳ್ಳಿ. ನಮ್ಮ ಎಕರೆಗೆ ಈ ವರ್ಷ ಜೋಳ. ಶೆಟ್ಟೆವ್ವ ಹೇಳಿದಳು, ನಾನು ಎದುರಾಡಲಿಲ್ಲ.

ಇನ್ನು ಕಾಗದ ಹಾಕಬೇಡಿ ಎಂದವನು ನಾನೇ ಬರೆಯುತ್ತಿದ್ದೇನೆ, ಅದಕ್ಕೆ ಕಾರಣವಿದೆ. ನಿನ್ನೆ ಕಳೆ ತೆಗೆಯುತ್ತಾ ಅವಳೇ ಕೇಳಿದಳು: "ಬಾಳಮ್ಮ ಹೋಗಿದ್ದು ಹೆಂಗ ಅಂತ ರಾಯರಿಗೆ ಗೊತ್ತೈತೇನ್ರಿ?"

ಗೊತ್ತಿದೆ ಎಂದೆ.

"ಮತ್ತ ಬರ್ಲಿಲ್ಲ?"

ಬರುತ್ತೇನೆಂದರು, ನಾನೇ ಬೇಡವೆಂದೆ, ಎಂದು ಹೇಳಿದೆ. ಕಳೆ ತೆಗೆಯುವ ಕುರ್ಚಿಗೆಯನ್ನು ನೆಲಕ್ಕೆ ಚುಚ್ಚಿ ಕೂತಳು. "ಬರಾಕ ಬರೀರಿ" ಎಂದಳು.

ಬನ್ನಿ ರಾಯರೇ. ಅವಳು ನಿಮ್ಮನ್ನು ಏನು ಕೇಳುತ್ತಾಳೋ, ಏನು ಅನ್ನುತ್ತಾಳೋ ನನಗೆ ತಿಳಿಯದು. ನಾನು ನಡುವೆ ಬಾಯಿ ಹಾಕುವುದಿಲ್ಲ.

ಧರೆಪ್ಪ